ವಿಚೆಂಜಾದಲ್ಲಿ ಎರಡು ಕೋಣೆ, ನಾಲ್ಕು ಸಹಿ

ಟ್ರಾಯ್, ಮಿಶಿಗನ್
ಜನವರಿ ೪, ೨೦೦೯

ಬಂದಂಥ ಮಹಾಜನರೇ, ಮುಂದಿನ ಸಾಲಿನ ಕುರ್ಚಿಯವರೇ, ಹಿಂದೆ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿದವರೇ, ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಆತು ನಿಂತವರೇ, ಸದ್ದು ನಿಲ್ಲಿಸಿ ಕೇಳಿರಿ. ಕೌಸಲ್ಯಾ ತಂಗಿ, ಕನ್ನಡಕ ಹಾಕಿಕೊಳ್ಳಿರಿ. ಇವತ್ತು ಅಕ್ಷರ ಸಣ್ಣವು, ವಿಷಯ ದೊಡ್ಡದು.

ಇಪ್ಪತ್ನಾಲ್ಕು ವರ್ಷದ ಹಿಂದೆ ನಾನು ಷಿಕಾಗೊ ಬಿಟ್ಟು ಡೆಟ್ರಾಯ್ಟಿನ ಕಡೆ ಬಂದಾಗ, ಗಡಿಯಾರ ನೋಡಿಕೊಂಡು ಫೋನಿನಲ್ಲಿ ಮಾತಾಡುವುದು ನನ್ನ ಗಂಟಲಿಗೆ ಒಗ್ಗಲಿಲ್ಲ. ಎದುರಿಗೆ ಜನವಿಲ್ಲದ ದನಿ ದನಿಯೇ ಅಲ್ಲ. ಅದಕ್ಕೇ ಪತ್ರ, ಅದಕ್ಕೇ ನಮ್ಮ ಕಟ್ಟಳೆ. ಶಿವಬಸಪ್ಪನ ಕೈಬರಹದ ಲಕೋಟೆ ಬಂದರೆ ಅಲ್ಲಿ ದ್ವಾರಕಾನ ಮನೆಯಾಕೆ ಕೌಸಲ್ಯಾ ಒಡೆಯಬೇಕು, ಊಟದ ಮೇಜಿನೆದುರು ಇದ್ದವರಿಗೆಲ್ಲ ಕೇಳುವಂತೆ ಓದಬೇಕು. ದ್ವಾರಕಾನಾಥನ ಪತ್ರ ಬಂದರೆ ಇಲ್ಲಿ ನಮ್ಮ ಮನೆಯಾಕೆ ಶಾಂತವ್ವ ಓದುತ್ತಾಳೆ. ಅವಳಿಗೆ ಕಷ್ಟವಿಲ್ಲ. ಆ ಮೈಸೂರಿನ ಮಹಾಶಯ ಒಂದು ಕಾರ್ಡಿಗಿಂತ ಹೆಚ್ಚು ಬರೆದದ್ದನ್ನು ಕಂಡವರಿಲ್ಲ.

ಈಗ ಪರದೆ ಸರಿಯಲಿ. ೧೯೭೯ರ ಅಕ್ಟೋಬರಿನಲ್ಲಿ ನಾನೂ ದ್ವಾರಕಾನೂ ಒಂದೇ ವಿಮಾನದಿಂದ ಷಿಕಾಗೊದ ಓಹೇರ್‌ನಲ್ಲಿ ಇಳಿದೆವು. ಡೆವನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಚಳಿಕೋಟು. ಒಬ್ಬ ಕೋಟು ಹಾಕಿಕೊಂಡು ಹೊರಗೆ ಹೋದರೆ ಇನ್ನೊಬ್ಬ ಒಳಗಿರಬೇಕು. ಬರುವ ಅಕ್ಟೋಬರಿಗೆ ಮೂವತ್ತು ವರ್ಷ. ಆ ನೆಪದಲ್ಲಿ ನಾಲ್ವರೂ ಇಟಲಿಗೆ ಹೋಗೋಣ. ರೋಮ್ ಬೇಡ, ವೆನಿಸ್ ಬೇಡ. ವಿಚೆಂಜಾ ಎಂಬ ಹಳೆಯ ಊರು.

ಅಲ್ಲಿಗೇ ಏಕೆ? ನನ್ನಪ್ಪ ಕಂಪನಿ ನಾಟಕದಲ್ಲಿ ಖಳನಾಯಕ. ನಾನು ಬೆಳೆದದ್ದು ಗದಗ, ಇಳಕಲ್ಲು, ಮುಧೋಳಗಳ ನಾಟಕದ ಟೆಂಟುಗಳಲ್ಲಿ. ಕಂಪನಿಯ ಒಂದು ಪರದೆಯ ಮೇಲೆ ಉದ್ದನೆಯ ಬೀದಿ ಬರೆದಿತ್ತು. ಐದು ವರ್ಷದವನಿದ್ದಾಗ ಅದರೊಳಗೆ ಓಡಿಹೋಗಲು ನೋಡಿ, ಹಿಂದಿನ ಕಂಬಕ್ಕೆ ಹಣೆ ಒಡೆದುಕೊಂಡೆ. ಅಪ್ಪ ಅರಿಸಿನ ಒತ್ತುತ್ತ ಅಂದ: "ಆ ಬೀದಿ ಎಲ್ಲಿಗೂ ಹೋಗೂದಿಲ್ಲೋ ಮಗನ. ಹೊಕ್ಕೈತಿ ಅಂತ ನೋಡಾವ್ರು ನಂಬಿದ್ರ ಸಾಕು." ವಿಚೆಂಜಾದ ಹಳೆಯ ರಂಗಮಂದಿರದಲ್ಲಿ ಮೊದಲ ನಾಟಕಕ್ಕೆಂದು ಮರದಲ್ಲಿ ಕಟ್ಟಿದ ಬೀದಿಗಳು ನಾಲ್ಕು ನೂರು ವರ್ಷದಿಂದ ವೇದಿಕೆಯ ಮೇಲೆ ಹಾಗೆಯೇ ನಿಂತಿವೆಯಂತೆ, ಯಾರೂ ಬಿಚ್ಚಲಿಲ್ಲ. ನಿಜವಾಗಿ ಒಳಕ್ಕೆ ಹೋಗುವ ಬೀದಿ. ಅದನ್ನು ಕಾಣದೆ ಈ ಶಿವಬಸಪ್ಪ ಮುಖದ ಬಣ್ಣ ಒರೆಸುವವನಲ್ಲ.

ರಂಗಮಂದಿರದ ಹತ್ತಿರವೇ ಹನ್ನೊಂದು ಕೋಣೆಯ ಒಂದು ಪುಟ್ಟ ಹೋಟೆಲಿದೆ. ವಿಳಾಸ ಜೊತೆಗಿಟ್ಟಿದ್ದೇನೆ. ಕೋಣೆ ಗೊತ್ತುಮಾಡುವ ಪಾರ್ಟು ದ್ವಾರಕಾನದು.

ನಿಮ್ಮ
ಶಿವಬಸಪ್ಪ


ಹಾಫ್‌ಮನ್ ಎಸ್ಟೇಟ್ಸ್, ಇಲಿನಾಯ್
ಜನವರಿ ೨೯, ೨೦೦೯

ಪ್ರಿಯ ಶಿವೂ, ಶಾಂತವ್ವನವರೇ,

ನಿಮ್ಮ ಪತ್ರವನ್ನು ಕೌಸಲ್ಯಾ ಎರಡು ಸಲ ಓದಿದಳು. ಆ ದಿನ ಮನೆಗೆ ಬಂದಿದ್ದವರೆಲ್ಲ ನಾಳೆಯೇ ಇಟಲಿಗೆ ಹೊರಟವರಂತೆ ಎದ್ದುಹೋದರು. ಮಗಳು ತನ್ಮಯಿ ಮಾತ್ರ, "ಡ್ಯಾಡ್, ಹೂ ಈವನ್ ರೈಟ್ಸ್ ಲೆಟರ್ಸ್?" ಎಂದಳು. ಎಂದವಳು ಕೊನೆಯವರೆಗೆ ಕೂತು ಕೇಳಿದಳು.

ಕೊಟ್ಟ ಕೆಲಸ ಮಾಡಿದ್ದೇನೆ. ಹೋಟೆಲಿನ ಯಜಮಾನಿ ಸಿನ್ಯೋರಾ ಬೆನೆದೆತ್ತಾ ಇಂಗ್ಲಿಷಿಗೆ ಉತ್ತರ ಕೊಡುವುದಿಲ್ಲವಂತೆ. ಹಾಗಾಗಿ ಪುಸ್ತಕ ಇಟ್ಟುಕೊಂಡು ಇಟಾಲಿಯನ್ನಿನಲ್ಲೇ ಬರೆದೆ. ಮೂರು ಸಲ ಬರೆದು ಮೂರು ಸಲ ತಿದ್ದಿದೆ. ಆದರೂ ಉಳಿದಿದ್ದ ಎರಡು ತಪ್ಪುಗಳಿಗೆ ಕೆಂಪು ಗೆರೆ ಎಳೆದು ಆಕೆ ಉತ್ತರ ಕಳಿಸಿದ್ದಾಳೆ. ಮೂರು ಮತ್ತು ನಾಲ್ಕನೆಯ ಕೋಣೆ ಅಕ್ಕಪಕ್ಕ, ಬೆಳಗಿನ ಬಿಸಿಲು ಎರಡಕ್ಕೂ ಬರುತ್ತದೆ. ಲಿಫ್ಟ್ ಇಲ್ಲ, ಮೆಟ್ಟಿಲು ಇಪ್ಪತ್ತಾರು. ಹದಿಮೂರನೆಯದರ ಹತ್ತಿರ ಕೂರಲು ಒಂದು ಕಲ್ಲಿನ ಜಗಲಿ ಇದೆ, ಶಾಂತವ್ವನವರ ಮಂಡಿಗೆ ಅನುಕೂಲ. ರೈಲ್ವೆ ಸ್ಟೇಷನ್ನಿನಿಂದ ನಡೆದು ಬರುವ ದಾರಿಯ ನಕ್ಷೆ ಬರೆದಿದ್ದೇನೆ. ಎಲ್ಲಿ ನೆರಳು, ಎಲ್ಲಿ ಬೆಂಚು, ಯಾವ ತಿರುವಿನಲ್ಲಿ ಬೇಕರಿ, ಎಲ್ಲ ಗುರುತು ಹಾಕಿದ್ದೇನೆ. ಬೇಕರಿ ಸೋಮವಾರ ಮುಚ್ಚಿರುತ್ತದೆ. ಆದ್ದರಿಂದ ನಾವು ಮಂಗಳವಾರ ಸೇರುವುದು ಒಳ್ಳೆಯದು.

ಆಕೆಯದು ಒಂದೇ ಷರತ್ತು. ಮುಂಗಡ ತೆಗೆದುಕೊಳ್ಳುವುದಿಲ್ಲ. ಒಂದು ಚೀಟಿ ಕಳಿಸಿದ್ದಾಳೆ. ಬರುವ ಇಸವಿ, ತಿಂಗಳು, ದಿನ ಬರೆದು, ಬರುವವರೆಲ್ಲರೂ ತಮ್ಮ ತಮ್ಮ ಕೈಯಿಂದ ಸಹಿ ಮಾಡಿ, ಈಸ್ಟರ್‌ಗೆ ಮೊದಲು ಅಂಚೆಗೆ ಹಾಕಬೇಕು. ಹಿಂದೆ ಒಬ್ಬ ಗೃಹಸ್ಥ ಹೆಂಡತಿಯನ್ನು ಕೇಳದೆಯೇ ಇಬ್ಬರಿಗೆಂದು ಕೋಣೆ ಹಿಡಿದನಂತೆ. ಆಕೆ ಬರಲಿಲ್ಲ. ಅವನು ಆರು ದಿನ ಒಂಟಿಯಾಗಿ ತಿಂಡಿಗೆ ಕೂತು ಇಡೀ ಹೋಟೆಲಿನ ತಿಂಡಿಯ ರುಚಿ ಕೆಡಿಸಿದನಂತೆ. "ಸಹಿ ಮಾಡಿದವರಿಗೆ ಮಾತ್ರ ಹಾಸಿಗೆ ಹಾಸುತ್ತೇನೆ" ಎಂದು ಬರೆದಿದ್ದಾಳೆ.

ಈಸ್ಟರ್ ಏಪ್ರಿಲ್ ಹನ್ನೆರಡಕ್ಕೆ. ಇನ್ನೂ ಸಮಯವಿದೆ.

ನಿಮ್ಮ
ದ್ವಾರಕಾನಾಥ


ಟ್ರಾಯ್
ಫೆಬ್ರವರಿ ೮, ೨೦೦೯

ಮಹಾಜನರೇ, ಪವಾಡ ನಡೆದಿದೆ. ದ್ವಾರಕಾನಾಥ ಮೂರು ಹಾಳೆ ಬರೆದಿದ್ದಾನೆ. ಶಾಂತವ್ವ ನಡುವೆ ಎರಡು ಸಲ ನೀರು ಕುಡಿದು ಓದಿದಳು. ಬೇಕರಿಯ ರಜೆಯ ದಿನವನ್ನೂ ಬಿಡದೆ ಪತ್ತೆಹಚ್ಚಿದ್ದಾನಲ್ಲ, ಇಟಾಸ್ಕಾದ ಆ ಆಫೀಸಿನಲ್ಲಿ ಅವನಿಗೆ ಕೆಲಸ ಕೊಡುವುದನ್ನೇ ಬಿಟ್ಟಿದ್ದಾರೋ ಹೇಗೆ? ಕೌಸಲ್ಯಾ, ಈ ಸಾಲು ಓದಿದ ಮೇಲೆ ಸ್ವಲ್ಪ ನಿಲ್ಲಿಸಿರಿ, ಜನ ನಗಲಿ.

ಇಲ್ಲಿ ನಮ್ಮ ಬಡಾವಣೆಯ ತುಂಬ ಕೆಲಸ ಕಳೆದುಕೊಂಡವರ ಮನೆ ಮಾರಾಟದ ಬೋರ್ಡು. ಆದರೆ ನನ್ನ ಚಿಂತೆ ಬೇಡ. ನಮ್ಮ ಕಂಪನಿ ಕಲ್ಲುಗುಂಡು, ಕಾರು ಇರುವತನಕ ಅದಕ್ಕೆ ನಾವು ಮಾಡುವ ಬ್ರೇಕು ಬೇಕೇ ಬೇಕು.

ಶಾಂತವ್ವನ ಪ್ರಶ್ನೆಯನ್ನು ಇದ್ದ ಹಾಗೆ ಇಳಿಸುತ್ತೇನೆ: "ಅಲ್ಲಿ ರೊಟ್ಟಿ ಬಡಿಯಾಕ ಒಂದು ಕಲ್ಲು, ಒಂದು ಹಂಚು ಐತೇನ್ ಕೇಳ್ರಿ. ಇಲ್ಲಂದ್ರ ನನ್ನ ಸಹಿ ಇಲ್ಲ."

ಶಿವಬಸಪ್ಪ


ಷಾಂಬರ್ಗ್, ಇಲಿನಾಯ್
ಫೆಬ್ರವರಿ ೧೭, ೨೦೦೯, ಮಂಗಳವಾರ

ಶಿವೂ,

ಇದನ್ನು ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಶಾಂತವ್ವನವರಿಗೆ ಓದಲು ಕೊಡಬೇಡ.

ನೀನು ತಮಾಷೆಗೆ ಬರೆದ ಸಾಲನ್ನು ಕೌಸಲ್ಯಾ ಓದಿ, ನೀನು ಹೇಳಿದಂತೆ ನಿಲ್ಲಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ನಿಜ. ಡಿಸೆಂಬರ್ ಎರಡರಂದು ನನ್ನನ್ನು ಕೆಲಸದಿಂದ ತೆಗೆದರು. ಇಪ್ಪತ್ತೆರಡು ವರ್ಷದ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯಿತು, ಮೇಲೆ ಜಾಗ ಉಳಿಯಿತು ಕೂಡ. ಮನೆಗೆ ಬಂದಾಗ ಕೌಸಲ್ಯಾ ಫೋನಿನಲ್ಲಿ ಅವಳ ಅಕ್ಕನಿಗೆ, "ಇವರ ಆಫೀಸಲ್ಲಿ ಕೆಲಸದಿಂದ ತೆಗೆಯೋದು ಅಂಥದ್ದೇನೂ ಇಲ್ಲಪ್ಪ, ಸದ್ಯ" ಎನ್ನುತ್ತಿದ್ದಳು. ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಎಂದಿನಂತೆ ಏಳೂವರೆಗೆ ಡಬ್ಬಿ ಕಟ್ಟಿ ಬಾಗಿಲಲ್ಲಿ ಕೊಟ್ಟಳು, ತೆಗೆದುಕೊಂಡು ಹೊರಟೆ. ಅಂದಿನಿಂದ ಹೊರಡುತ್ತಲೇ ಇದ್ದೇನೆ.

ದಿನವೆಲ್ಲ ಇಲ್ಲಿ ಲೈಬ್ರರಿಯಲ್ಲಿ ಇರುತ್ತೇನೆ. ಬೆಳಿಗ್ಗೆ ಕೆಲಸಗಳಿಗೆ ಅಪ್ಲೈ ಮಾಡುತ್ತೇನೆ, ಮಧ್ಯಾಹ್ನ ವಿಚೆಂಜಾಕ್ಕೆ ಹೋಗುತ್ತೇನೆ. ಆ ನಕ್ಷೆ, ಆ ಮೆಟ್ಟಿಲು, ಆ ಬೇಕರಿ ಎಲ್ಲ ಈ ಮೇಜಿನದು. ಊಟ ಪಾರ್ಕಿಂಗಿನಲ್ಲಿ, ಕಾರಿನೊಳಗೆ. ಕೌಸಲ್ಯಾಗೂ ಈಚೆಗೆ ಅಡುಗೆಯಲ್ಲಿ ಆಸಕ್ತಿ ಕಡಿಮೆಯಾಗಿದೆ. ಸಾರು, ಹುಳಿ ಬಿಟ್ಟು ಬರೀ ಪುಳಿಯೋಗರೆ, ಮೊಸರನ್ನ, ಸುರುಳಿ ಸುತ್ತಿದ ಚಪಾತಿ ಕಟ್ಟುತ್ತಾಳೆ.

ಕೋಟಿನ ಸರದಿ ನೆನಪಿದೆಯಾ? ಈಗ ನಾನು ಒಳಗಿರಬೇಕಾದ ಸರದಿ. ಆದರೂ ದಿನಾ ಕೋಟು ಹಾಕಿಕೊಂಡು ಹೊರಗೆ ಬರುತ್ತಿದ್ದೇನೆ.

ಸಿನ್ಯೋರಾಳ ಚೀಟಿ ನನ್ನ ಬ್ಯಾಗಿನಲ್ಲಿದೆ. ಈ ವರ್ಷ ಹೋಗಲಾರೆ ಎಂದರೆ ಏಕೆ ಎಂದು ಕೌಸಲ್ಯಾಗೆ ಹೇಳಬೇಕು. ಹೋಗುತ್ತೇವೆ ಎಂದರೆ ಒಂದು ಸುಳ್ಳಿಗೆ ಅವಳ ಕೈಯಿಂದಲೇ ಸಹಿ ಹಾಕಿಸಬೇಕು. ಎರಡೂ ಆಗುತ್ತಿಲ್ಲ. ಏನು ಮಾಡಲಿ?

ಮನೆಗೆ ಬರೆಯಬೇಡ, ಅವಳೇ ಒಡೆದು ಓದುತ್ತಾಳೆ. ಡೆವನ್ ಅವೆನ್ಯೂದಲ್ಲಿರುವ ನಮ್ಮ ಶೇಷಗಿರಿಯ ದಿನಸಿ ಅಂಗಡಿಗೆ ಬರೆ. ಅಲ್ಲಿಂದ ತೆಗೆದುಕೊಳ್ಳುತ್ತೇನೆ.

ದ್ವಾರಕಾ


ಟ್ರಾಯ್
ಮಾರ್ಚ್ ೧೮, ೨೦೦೯

ದ್ವಾರಕಾ,

ಒಂದು ತಿಂಗಳಲ್ಲಿ ಆರು ಪತ್ರ ಬರೆದು ಹರಿದೆ. ಸಭೆಗೆ ಬರೆಯುವ ನನಗೆ ಒಬ್ಬನಿಗೆ ಬರೆಯುವುದು ಬರುವುದಿಲ್ಲ ಎಂದು ಈಗ ಗೊತ್ತಾಯಿತು. ಇದು ರಂಗದ ಪತ್ರವಲ್ಲ, ಬಣ್ಣದ ಕೋಣೆಯದು. ಓದಿ ಒಲೆಗೆ ಹಾಕು.

ಆ ಒಂದು ಸಾಲನ್ನು ಬರೆದ ಕೈಯನ್ನು ಕತ್ತರಿಸಬೇಕು ಅನ್ನಿಸಿದೆ.

ಹೀಗೆ ಮಾಡೋಣ. ತಪ್ಪನ್ನು ನಮ್ಮ ಮೇಲೆ ಹಾಕು. ಶಾಂತವ್ವನ ಮಂಡಿ ಕೆಟ್ಟಿದೆ, ಡಾಕ್ಟರು ವಿಮಾನ ಬೇಡ ಎಂದಿದ್ದಾರೆ, ಶಿವಬಸಪ್ಪನೇ ಪ್ರವಾಸ ನಿಲ್ಲಿಸಿದ ಎಂದು ಹೇಳು. ಬೇಕಾದರೆ ನಾನೇ ಹಾಗೆ ಬರೆದು ಕಳಿಸುತ್ತೇನೆ. ನಿನಗೆ ಬೇರೆ ಕೆಲಸ ಸಿಗುವತನಕ ಕೌಸಲ್ಯಾಗೆ ಏನೂ ತಿಳಿಯಬೇಕಿಲ್ಲ. ನಾಟಕವನ್ನು ನಾನು ಎತ್ತಿ ಹಿಡಿಯುತ್ತೇನೆ. ನೀನು ಸುಮ್ಮನೆ ನಿಂತಿದ್ದರೆ ಸಾಕು.

ಶಿವೂ


ಷಾಂಬರ್ಗ್
ಮಾರ್ಚ್ ೩೦, ೨೦೦೯

ಶಿವೂ,

ಬದುಕಿದೆ. ನೀನು ಕೊಲ್ಲುತ್ತಿದ್ದೆ.

ಶನಿವಾರ ನಮ್ಮ ಮನೆಯಲ್ಲಿ ಯುಗಾದಿ ಊಟ, ಹದಿನಾಲ್ಕು ಜನ. ಹೋಳಿಗೆ ಬಡಿಸುತ್ತಿರುವಾಗ ಶೇಷಗಿರಿ ಬಂದ. ಜೇಬಿನಿಂದ ನಿನ್ನ ಲಕೋಟೆ ತೆಗೆದು ನೇರವಾಗಿ ಕೌಸಲ್ಯಾ ಕೈಗೆ ಕೊಟ್ಟು, "ನಿಮ್ಮ ಶಿವಬಸಪ್ಪನವರಿಗೆ ವಿಳಾಸವೇ ಮರೆತುಹೋಗಿದೆ ಅಕ್ಕ, ಅಂಗಡಿಗೆ ಕಳ್ಸಿದಾರೆ. ಓದಿ ಓದಿ, ಕಾಯ್ತಾ ಇದೀವಿ" ಎಂದ. ನಿನ್ನ ಪತ್ರವೆಂದರೆ ಊರ ಆಸ್ತಿ ಅಂದುಕೊಂಡಿದ್ದಾನೆ, ಪಾಪ. ಅವನದೇನು ತಪ್ಪು? ಕೌಸಲ್ಯಾ ಕೈ ಒರೆಸಿಕೊಂಡು ಲಕೋಟೆ ಒಡೆದಳು. ನನ್ನ ಕೈಯಲ್ಲಿದ್ದ ತುಪ್ಪದ ಬಟ್ಟಲು ವಾಲಿತು.

ಅವಳು ಓದಲು ಶುರುಮಾಡಿದಳು: "ಮಹಾಜನರೇ, ಎಲೆಯ ಮುಂದೆ ಕೂತವರೇ." ಜೀವ ಬಂತು. ನೀನು ರಂಗದ ಪತ್ರವನ್ನೇ ಮರೆವಿನಿಂದ ಅಂಗಡಿಗೆ ಹಾಕಿದ್ದೀಯೆ. ಅದೂ ಎಂಥ ಪತ್ರ ಬರೆದಿದ್ದೀ. ಸಿನ್ಯೋರಾ ಹೋಟೆಲಿನ ಮೆಟ್ಟಿಲ ಮೇಲೆ ಶಾಂತವ್ವನವರ ಮುಂದೆ ಲಟ್ಟಣಿಗೆ ಹಿಡಿದು ನಿಲ್ಲುವುದು, ಹದಿಮೂರನೆಯ ಮೆಟ್ಟಿಲ ಜಗಲಿಯಲ್ಲಿ ಇಬ್ಬರೂ ಕೂತು ರೊಟ್ಟಿಗೆ ರಾಜಿಯಾಗುವುದು. ಜನ ಹೊಟ್ಟೆ ಹಿಡಿದು ನಕ್ಕರು. ಕೊನೆಯಲ್ಲಿ ಬರೆದಿದ್ದೀಯಲ್ಲ, ಬೆಳಿಗ್ಗೆ ಕಿಟಕಿ ತೆಗೆದರೆ ಬಿಸಿಲು ಬರುತ್ತದೆ, ಆ ದಿನ ಯಾರೂ ಎಲ್ಲಿಗೂ ಹೊರಡಬೇಕಾಗಿರುವುದಿಲ್ಲ ಎಂದು. ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ತನ್ಮಯಿ, "ಮಾಮ್, ಯು ಶುಡ್ ಬಿ ಆನ್ ಸ್ಟೇಜ್" ಎಂದಳು.

ನಾನು ಕೇಳಿದ್ದಕ್ಕೆ ಉತ್ತರ ಯಾವಾಗ? ಈಸ್ಟರ್‌ಗೆ ಎರಡು ವಾರವೂ ಇಲ್ಲ. ಚೀಟಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.

ದ್ವಾರಕಾ


ಹಾಫ್‌ಮನ್ ಎಸ್ಟೇಟ್ಸ್
ಮಾರ್ಚ್ ೩೧, ೨೦೦೯

ಶಿವಬಸಪ್ಪಣ್ಣನವರಿಗೆ ಕೌಸಲ್ಯಾಳ ನಮಸ್ಕಾರ.

ಇಷ್ಟು ವರ್ಷ ನಿಮ್ಮ ಪತ್ರ ಓದಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ಶನಿವಾರ ನಿಮ್ಮ ಬಣ್ಣದ ಕೋಣೆಯ ಪತ್ರ ನನ್ನ ಕೈಗೆ ಬಂತು. ಮೊದಲ ಸಾಲಿನಲ್ಲೇ ನೀವು ಯಾರನ್ನೂ ಕರೆಯದೆ ಇವರ ಹೆಸರೊಂದನ್ನೇ ಬರೆದದ್ದು ನೋಡಿ ತಿಳಿಯಿತು, ಇದು ಓದುವ ಪತ್ರವಲ್ಲ. ಎದುರಿಗೆ ಹದಿನಾಲ್ಕು ಎಲೆ, ಇವರ ಕೈಯಲ್ಲಿ ತುಪ್ಪ. ನಿಮ್ಮ ದನಿ ನನಗೆ ಬಾಯಿಪಾಠ ಆಗಿದೆಯಲ್ಲ, ಹಾಗಾಗಿ ನಾನೇ ಕಟ್ಟುತ್ತ ಹೋದೆ. ಕಣ್ಣು ಹಾಳೆಯ ಮೇಲಿತ್ತು, ಬಾಯಿ ವಿಚೆಂಜಾದಲ್ಲಿತ್ತು. ನಿಮ್ಮ ಹೆಸರಿನಲ್ಲಿ ಸಿನ್ಯೋರಾಳ ಕೈಗೆ ಲಟ್ಟಣಿಗೆ ಕೊಟ್ಟು ಶಾಂತವ್ವನವರ ಮುಂದೆ ನಿಲ್ಲಿಸಿದ್ದೇನೆ. ಕ್ಷಮಿಸಲು ಹೇಳಿ.

ನೀವು ಬರೆದದ್ದು ನನಗೆ ಹೊಸದೇನಲ್ಲ. ಆಫೀಸಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಡಬ್ಬಿಯ ಅಂಚಿನಲ್ಲಿ ಅರಿಸಿನ ಕಚ್ಚಿಕೊಂಡು ಬರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಡಿಸೆಂಬರಿನಿಂದ ಡಬ್ಬಿ ಬಿಳಿಯಾಗಿ ಬರುತ್ತಿದೆ. ಒಂದು ವಾರ ನೋಡಿದೆ, ಇವರು ಆಫೀಸಿಗೆ ಹೋಗುತ್ತಿಲ್ಲ ಎಂದು ಗೊತ್ತಾಯಿತು. ಆ ಚಳಿಯಲ್ಲಿ ಆರಿದ ಹುಳಿಯನ್ನ ತಿನ್ನುವುದು ಬೇಡವೆಂದು, ತಣ್ಣಗಾದರೂ ರುಚಿ ಕೆಡದಂಥದ್ದನ್ನು ಕಟ್ಟುತ್ತಿದ್ದೇನೆ. ಇವರು ಹೇಳುತ್ತಾರೆಂದು ಕಾಯುತ್ತ ನಾಲ್ಕು ತಿಂಗಳಾಯಿತು. ಫೋನಿನಲ್ಲಿ ಅಕ್ಕನಿಗೆ ಜಂಬ ಹೇಳಿದ ನನ್ನದೂ ತಪ್ಪಿರಬಹುದು.

ಅಣ್ಣಾ, ಶಾಂತವ್ವನವರ ಮಂಡಿಯ ಮೇಲೆ ಹಾಕಬೇಡಿ. ನನಗೆ ಏನೂ ತಿಳಿಯಬೇಕಿಲ್ಲ ಎಂದು ನೀವೂ ಬರೆದಿರಲ್ಲ, ಅಷ್ಟಕ್ಕೆ ಮಾತ್ರ ನನಗೆ ನೋವಾಯಿತು. ನನಗೆ ಗೊತ್ತಿದೆ ಎಂದು ನಾನು ಹೇಳಿದರೆ, ಇವರು ದಿನಾ ಬಾಗಿಲಲ್ಲಿ ಡಬ್ಬಿ ತೆಗೆದುಕೊಂಡದ್ದೆಲ್ಲ ನನ್ನೆದುರು ಆಡಿದ ವೇಷವಾಗಿ ಉಳಿಯುತ್ತದೆ. ಇವರೇ ಹೇಳಬೇಕು. ನೀವೂ ಹೇಳಕೂಡದು. ಹೇಳುವ ಹಾಗೆ ಮಾಡಿ.

ಕೌಸಲ್ಯಾ


ಟ್ರಾಯ್
ಏಪ್ರಿಲ್ ೩, ೨೦೦೯

ಕೌಸಲ್ಯಾ ತಂಗಿ, ಕಟ್ಟಳೆಯಂತೆ ಲಕೋಟೆ ನೀವೇ ಒಡೆಯಿರಿ. ಒಳಗಿನ ಹಾಳೆಯನ್ನು ದ್ವಾರಕಾನ ಕೈಗೆ ಕೊಟ್ಟು ಎದುರಿಗೆ ಕೂತುಕೊಳ್ಳಿರಿ. ಬೇರೆ ಯಾರೂ ಇರುವುದು ಬೇಡ.

ದ್ವಾರಕಾ, ಇವತ್ತು ಓದುವವನು ನೀನು. ಈ ಸಾಲಿನ ಕೆಳಗೆ ನಾನು ಏನೂ ಬರೆದಿಲ್ಲ. ಅಲ್ಲಿಂದ ಮುಂದೆ ಜೋರಾಗಿ ಓದು.


ಹಾಫ್‌ಮನ್ ಎಸ್ಟೇಟ್ಸ್
ಏಪ್ರಿಲ್ ೭, ೨೦೦೯

ಶಿವೂ,

ಮನೆಯಿಂದಲೇ ಬರೆಯುತ್ತಿದ್ದೇನೆ. ಊಟದ ಮೇಜು, ಬೆಳಿಗ್ಗೆ ಹತ್ತೂವರೆ.

ನಿನ್ನೆ ಸಂಜೆ ನಿನ್ನ ಖಾಲಿ ಹಾಳೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದೆ. ಕೌಸಲ್ಯಾ ಕೈ ಕಟ್ಟಿಕೊಂಡು, ಯುಗಾದಿಯ ದಿನ ಜನ ಕೂತಿದ್ದ ಹಾಗೆಯೇ ಕೂತಿದ್ದಳು. ಕೊನೆಗೆ ಹಾಳೆಯನ್ನು ನೋಡಿಕೊಂಡೇ "ಡಿಸೆಂಬರ್ ಎರಡನೇ ತಾರೀಖು, ಮಂಗಳವಾರ" ಎಂದು ಶುರುಮಾಡಿದೆ. ಅಲ್ಲಿಂದ ಮುಂದಿನದು ತಾನಾಗಿ ಬಂತು. ರಟ್ಟಿನ ಪೆಟ್ಟಿಗೆ, ಲೈಬ್ರರಿ, ಪಾರ್ಕಿಂಗ್, ಎಲ್ಲ ಓದಿದೆ. ಎಲ್ಲೂ ತಡವರಿಸಲಿಲ್ಲ, ಬೇಕಾದರೆ ಅವಳನ್ನು ಕೇಳು.

ಮುಗಿದ ಮೇಲೆ ಅವಳು ಒಂದೇ ಕೇಳಿದಳು. "ಆ ಲೈಬ್ರರೀಲಿ ಡಬ್ಬಿ ಬಿಸಿ ಮಾಡ್ಕೊಳಕ್ಕೆ ಏನೂ ಇಲ್ವಾ?"

ಇಲ್ಲ ಎಂದೆ.

"ಅದಕ್ಕೇ ಪುಳಿಯೋಗರೆ" ಎಂದಳು.

ಆಮೇಲೆ ತಾನು ಮುಚ್ಚಿಟ್ಟಿದ್ದ ನಿನ್ನ ಆ ಇನ್ನೊಂದು ಪತ್ರವನ್ನು ತಂದು ಮೇಜಿನ ಮೇಲಿಟ್ಟಳು. ಓದಿದೆ. ಲಟ್ಟಣಿಗೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಮೂವತ್ತು ವರ್ಷದಿಂದ ನಿನ್ನನ್ನು ದೊಡ್ಡ ನಟ ಅಂದುಕೊಂಡಿದ್ದೆ, ಕ್ಷಮಿಸು, ನೀನು ಎರಡನೆಯವನು.

ನನ್ನ ಬ್ಯಾಗಿನಿಂದ ಸಿನ್ಯೋರಾಳ ಚೀಟಿ ತೆಗೆದು ಅವಳೇ ಮೊದಲು ಸಹಿ ಮಾಡಿದಳು. ಅಕ್ಟೋಬರ್, ಮಂಗಳವಾರ ಎಂದು ಬರೆದಳು. ಇಸವಿಯ ಜಾಗ ಬಿಟ್ಟು, "ಅದನ್ನ ನೀವು ಬರೀರಿ. ಆಗತ್ತೆ ಅನ್ನೋ ವರ್ಷಾನೇ ಬರೀರಿ" ಎಂದು ಪೆನ್ನು ಕೊಟ್ಟಳು. ಪೆನ್ನು ಹಿಡಿದು ಕೂತಿದ್ದೇನೆ. ಇನ್ನೂ ಬರೆದಿಲ್ಲ. ಭಾನುವಾರ ಈಸ್ಟರ್.

ಇವತ್ತು ಮಧ್ಯಾಹ್ನಕ್ಕೆ ಹುಳಿ ಮಾಡಿದ್ದಾಳೆ. ಒಲೆಯ ಮೇಲಿದೆ.

ದ್ವಾರಕಾ


ಟ್ರಾಯ್
ಏಪ್ರಿಲ್ ೯, ೨೦೦೯, ಗುರುವಾರ

ಮಹಾಜನರೇ, ಅಂದರೆ ನೀವಿಬ್ಬರೇ. ಇಷ್ಟು ಸಣ್ಣ ಸಭೆಗೆ ನಾನು ಎಂದೂ ಬರೆದಿಲ್ಲ, ಇಷ್ಟು ಹೆದರಿಯೂ ಬರೆದಿಲ್ಲ.

ನನ್ನದೂ ಒಂದು ಬಣ್ಣ ಒರೆಸುವುದಿದೆ. ನಮ್ಮ ಕಂಪನಿ ಕಲ್ಲುಗುಂಡು ಎಂದೆನಲ್ಲ, ಫೆಬ್ರವರಿಯಿಂದ ಆ ಕಲ್ಲುಗುಂಡು ಪ್ರತಿ ಶುಕ್ರವಾರ ದೀಪ ಆರಿಸುತ್ತದೆ. ಸಂಬಳವಿಲ್ಲದ ರಜೆ. ನಾಲ್ಕು ದಿನ ಯಾವಾಗ ಮೂರಾಗುತ್ತದೋ ಯಾರೂ ಹೇಳುತ್ತಿಲ್ಲ. ಶಾಂತವ್ವನಿಗೆ ಗೊತ್ತು, ನಿಮಗೆ ನಾನು ಹೇಳಿರಲಿಲ್ಲ. ಸಭೆಯ ಮುಂದೆ ದನಿ ಇಳಿಸಲು ನನಗೆ ಯಾರೂ ಕಲಿಸಲಿಲ್ಲ. ಈ ವರ್ಷ ಅಕ್ಟೋಬರಿನಲ್ಲಿ ನಾವೂ ಹೋಗುವವರಿರಲಿಲ್ಲ, ದ್ವಾರಕಾ. ಬೀದಿ ಒಳಕ್ಕೆ ಹೋಗುತ್ತದೆ ಎಂದು ನೀವಾದರೂ ನಂಬಿಕೊಂಡಿರಲಿ ಎಂದು ಕೂಗುತ್ತಿದ್ದೆ.

ಚೀಟಿಯ ಮೇಲೆ ಇನ್ನೂ ಮೂರು ಸಹಿ, ಒಂದು ಇಸವಿ ಬಾಕಿ ಇದೆ. ಅದು ೨೦೧೦ ಆಗಲಿ, ೨೦೧೫ ಆಗಲಿ, ನೀನು ಬರೆದ ವರ್ಷದ ಕೆಳಗೆ ನಾನು ಕಣ್ಣು ಮುಚ್ಚಿ ಸಹಿ ಮಾಡುತ್ತೇನೆ. ಶಾಂತವ್ವ ಕಣ್ಣು ತೆರೆದೇ ಮಾಡುತ್ತಾಳಂತೆ. "ಹಂಚಿನ ವಿಷಯ ಆ ಹೋಟೆಲಿನ ಬಾಯಿ ಇನ್ನೂ ತಿಳಿಸಿಲ್ಲಲ್ಲ" ಎಂದು ನೆನಪಿಸಿದಳು. ಚೀಟಿಯನ್ನು ನಾಲ್ವರೂ ಹೋಗಿ ಅಂಚೆ ಪೆಟ್ಟಿಗೆಗೆ ಹಾಕೋಣ. ಸಿನ್ಯೋರಾ ಈಸ್ಟರ್‌ಗೆ ಮೊದಲು ಹಾಕಬೇಕು ಎಂದಿದ್ದಾಳೆಯೇ ಹೊರತು ಮುಟ್ಟಬೇಕು ಎಂದಿಲ್ಲವಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಎದೆಯ ಜೇಬಿನಲ್ಲಿ ತರುತ್ತೇನೆ. ಊಟವಾದ ಮೇಲೆ ಕೌಸಲ್ಯಾ ಓದಲಿ. ಇದರಲ್ಲಿ ಇಲ್ಲದ್ದನ್ನೂ ಓದಲಿ, ನನ್ನ ತಕರಾರಿಲ್ಲ. ದ್ವಾರಕಾ, ಒಳಗಿರುವ ಸರದಿ ನಿನ್ನದು, ಆರಾಮಾಗಿ ಒಳಗೇ ಇರು. ಕೋಟು ಹಾಕಿಕೊಂಡು ಬರುವ ಸರದಿ ನನ್ನದು. ನಾಳೆ ಶುಕ್ರವಾರ. ಬೆಳಿಗ್ಗೆ ಐದಕ್ಕೆ ಶಾಂತವ್ವನನ್ನೂ ಐವತ್ತು ರೊಟ್ಟಿಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಒಂದು ಗಂಟೆ ಹಿಂದಿರುವ ನಿಮ್ಮ ಗಡಿಯಾರದಲ್ಲಿ ಒಂಬತ್ತು ಹೊಡೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಕೂಗದೆ, ಮೆಲ್ಲಗೆ ಬೆಲ್ ಒತ್ತುತ್ತೇನೆ.